ಕ್ಯಾವರ್‌ಶಮ್ ಮ್ಯಾನರ್ ಯಾರಿಂದ ಯಾರಿಗೆ ಹೋಯಿತು: ಮಧ್ಯಯುಗದ ಇಂಗ್ಲೆಂಡಿನ ಒಂದು ಆಸ್ತಿಯ ಜಾಡು

ಥೇಮ್ಸ್ ನದಿಯ ಉತ್ತರ ದಂಡೆಯಲ್ಲಿ, ರೆಡಿಂಗ್ ಪಟ್ಟಣಕ್ಕೆ ಎದುರಾಗಿ ಕ್ಯಾವರ್‌ಶಮ್ ಇದೆ. 1086ರ ಡೂಮ್ಸ್‌ಡೇ ಎಂಬ ಭೂಸಮೀಕ್ಷೆಯ ದಾಖಲೆಯಲ್ಲಿ ಅದರ ಒಡೆಯ ವಾಲ್ಟರ್ ಗಿಫರ್ಡ್. ಅಳತೆ 20 ಹೈಡ್, ಬೆಲೆ 20 ಪೌಂಡ್. ಒಂದು ಹೈಡ್ ಅಂದರೆ ಸುಮಾರು 120 ಎಕರೆ ಎಂದು ಹಿಡಿದರೆ 2,400 ಎಕರೆ. ನಾಲ್ಕು ಶತಮಾನ ಕಳೆದು 1488ರ ಹೊತ್ತಿಗೆ ಅದೇ ಮ್ಯಾನರ್ (ಒಬ್ಬ ಒಡೆಯನ ಕೈಕೆಳಗಿನ ಭೂ ಆಸ್ತಿ) ರಾಜ 7ನೇ ಹೆನ್ರಿಯ ಕೈ ಸೇರುತ್ತದೆ. ನಡುವೆ ಒಡೆಯರ ಮನೆಹೆಸರು ಗಿಫರ್ಡ್, ಮಾರ್ಷಲ್, ಕ್ಲೇರ್, ಡಿಸ್ಪೆನ್ಸರ್, ಬೀಚಮ್, ನೆವಿಲ್ ಎಂದು ಬದಲಾಗುತ್ತಲೇ ಹೋಗಿದೆ. ಇಷ್ಟು ಹೆಸರು ನೋಡಿದವರಿಗೆ ಈ ಭೂಮಿ ಮತ್ತೆಮತ್ತೆ ಕ್ರಯವಾಗಿದೆ ಎಂದೇ ಅನಿಸುತ್ತದೆ. ಆದರೆ ಹೆಸರು ಬದಲಾದ ಪ್ರತಿ ಸಲವೂ ಭೂಮಿಯನ್ನು ದಾಟಿಸಿದ್ದು ರಕ್ತಸಂಬಂಧ, ಅದರಲ್ಲೂ ಹೆಣ್ಣುಮಕ್ಕಳ ಮೂಲಕ ಹರಿದ ಸಂಬಂಧ.

ಮಧ್ಯಯುಗದ ಇಂಗ್ಲಿಷ್ ಭೂಮಾಲೀಕ ಮನೆತನವನ್ನು ಹುಡುಕಲು ಹೊರಟವರು ಎಡವುವುದು ಇಲ್ಲಿಯೇ. ಅವರು ಮನೆಹೆಸರಿನ ಬೆನ್ನು ಹತ್ತುತ್ತಾರೆ, ಗಂಡುಸಂತಾನ ಮುಗಿದ ಕಡೆ ಹೆಸರು ಮುಗಿಯುತ್ತದೆ, ಹುಡುಕಾಟವೂ ಅಲ್ಲಿಗೇ ನಿಲ್ಲುತ್ತದೆ. ಒಂದು ಮ್ಯಾನರನ್ನು ಗಟ್ಟಿಯಾಗಿ ಹಿಡಿದು, ಅದು ಪ್ರತಿ ಸಾವಿನಲ್ಲೂ ಯಾರ ಪಾಲಿಗೆ ಹೋಯಿತು ಎಂದು ಕೇಳುತ್ತ ಹೋದರೆ ವಂಶವೃಕ್ಷ ತಾನಾಗಿ ಬೆಳೆಯುತ್ತದೆ. ಜನ ಸಾಯುತ್ತಾರೆ, ಹೆಸರು ಬದಲಿಸುತ್ತಾರೆ, ಮೂರು ಮದುವೆಯಾಗುತ್ತಾರೆ. ಭೂಮಿ ಇದ್ದಲ್ಲೇ ಇರುತ್ತದೆ. ಅದರ ಬಗ್ಗೆ ಬರೆದಿಡಲು ರಾಜನಿಗೂ ಕಾರಣವಿತ್ತು, ಏಕೆಂದರೆ ಪ್ರತಿ ಸಾವಿನಲ್ಲೂ ಖಜಾನೆಗೆ ಹಣ ಬರುತ್ತಿತ್ತು.

ಮೊದಲು ನಿಯಮಗಳು

ಯಾರು ವಾರಸುದಾರ ಎಂಬುದನ್ನು ಇಂಗ್ಲೆಂಡಿನ ಸಾಮಾನ್ಯ ಕಾನೂನು (ಕಾಮನ್ ಲಾ) ಬಿಗಿಯಾಗಿ ಕಟ್ಟಿತ್ತು. ಹಿರಿಯ ಮಗನಿಗೆ ಎಲ್ಲವೂ. ಕಿರಿಯರಿಗೆ ಕಾನೂನಿನ ಪಾಲಿಲ್ಲ. ಗಂಡುಮಕ್ಕಳು ಇಲ್ಲದಿದ್ದರೆ ಹೆಣ್ಣುಮಕ್ಕಳೆಲ್ಲರಿಗೂ ಸಮಪಾಲು. ಹಿರಿಯವಳಿಗೆ ಮಾತ್ರ ಎಲ್ಲ ಹೋಗುವುದಿಲ್ಲ ಎಂಬುದನ್ನು ಗಮನಿಸಬೇಕು. ವಾರಸುದಾರ ಆಗಬೇಕಿದ್ದವರು ಮೊದಲೇ ತೀರಿಕೊಂಡಿದ್ದರೆ ಅವರ ಮಕ್ಕಳು ಅವರ ಜಾಗದಲ್ಲಿ ನಿಲ್ಲುತ್ತಾರೆ. ಭೂಮಿ ಕೆಳಕ್ಕೆ ಅಥವಾ ಪಕ್ಕಕ್ಕೆ ಹರಿಯಬಹುದು, ಮೇಲಕ್ಕೆ ಏರುವಂತಿಲ್ಲ: ಮಗ ಸತ್ತರೆ ತಂದೆಗೆ ಬರುವುದಿಲ್ಲ, ಚಿಕ್ಕಪ್ಪನಿಗೆ ಬರಬಹುದು. ಈ ವಿಚಿತ್ರ ನಿಯಮ 1833ರ ಕಾಯಿದೆಯವರೆಗೂ ಉಳಿಯಿತು. ಅದೇ ಕಾಯಿದೆ ತೆಗೆದುಹಾಕಿದ ಇನ್ನೊಂದು ನಿಯಮ ಅರ್ಧರಕ್ತದ್ದು. ಒಬ್ಬನ ಸ್ವಾಧೀನದಲ್ಲಿದ್ದ ಪೂರ್ಣ ಹಕ್ಕಿನ ಭೂಮಿ ಅವನ ಮಲಸಹೋದರನಿಗೂ ಮಲಸಹೋದರಿಗೂ ಹೋಗುತ್ತಿರಲಿಲ್ಲ. ಒಡಹುಟ್ಟಿದ ತಂಗಿ ಇದ್ದರೆ ಅವಳಿಗೆ, ಅವಳೂ ಇಲ್ಲದಿದ್ದರೆ ದೂರದ ಪೂರ್ಣರಕ್ತದ ನಂಟರಿಗೆ ಹೋಗುತ್ತಿತ್ತು. ಮದುವೆಗೆ ಮುಂಚೆ ಹುಟ್ಟಿದ ಮಗು, ತಂದೆತಾಯಿ ಆಮೇಲೆ ಮದುವೆಯಾದರೂ, ವಾರಸುದಾರ ಆಗುತ್ತಿರಲಿಲ್ಲ. ಚರ್ಚಿನ ಕಾನೂನು ಅದನ್ನು ಒಪ್ಪಿದ್ದರೂ ಬ್ಯಾರನ್‌ಗಳು 1236ರಲ್ಲಿ ಮರ್ಟನ್ ಎಂಬಲ್ಲಿ ಸೇರಿದ ಸಭೆಯಲ್ಲಿ ಖಡಾಖಂಡಿತವಾಗಿ ಬೇಡ ಅಂದರು.

ಈ ಹರಿವಿಗೆ ಅಡ್ಡವಾಗಿ ಗಂಡ ಹೆಂಡತಿಯರ ಜೀವಿತಾವಧಿಯ ಹಕ್ಕುಗಳು ನಿಲ್ಲುತ್ತವೆ. ವಿಧವೆಗೆ ಗಂಡನ ಭೂಮಿಯ ಮೂರನೇ ಒಂದು ಭಾಗ ಬದುಕಿರುವ ತನಕ ಸಲ್ಲುತ್ತದೆ. ಅದಕ್ಕೆ ಡವರ್ ಎಂದು ಹೆಸರು. ಗಂಡ ಸತ್ತ 40 ದಿನಗಳೊಳಗೆ ಅದನ್ನು ಅಳೆದು ಕೊಡಬೇಕು ಎಂಬುದು ಮ್ಯಾಗ್ನಾ ಕಾರ್ಟಾದ ಮಾತು. ಮದುವೆಯ ಹೊತ್ತಿನಲ್ಲಿ ಗಂಡ ಹೆಂಡತಿ ಇಬ್ಬರ ಹೆಸರಿಗೂ ಜಂಟಿಯಾಗಿ ಮಾಡಿದ ಭೂಮಿ ಇದ್ದರೆ ಅದೂ ಅವಳ ಕೈಯಲ್ಲೇ ಉಳಿಯುತ್ತದೆ. ಹೆಂಡತಿಯೇ ಭೂಮಿಯ ಒಡತಿಯಾಗಿದ್ದು, ಅವಳಿಗೆ ಜೀವಂತ ಮಗುವೊಂದು ಹುಟ್ಟಿದ್ದರೆ, ಅವಳು ಸತ್ತ ಮೇಲೂ ಗಂಡ ತನ್ನ ಸಾವಿನವರೆಗೆ ಇಡೀ ಭೂಮಿಯನ್ನು ಅನುಭವಿಸುತ್ತಾನೆ. ಮಗು ಆಮೇಲೆ ಉಳಿಯಿತೋ ಇಲ್ಲವೋ ಲೆಕ್ಕಕ್ಕಿಲ್ಲ. ಹೀಗಾಗಿ ದಾಖಲೆಯಲ್ಲಿ ಒಬ್ಬನನ್ನು ಮ್ಯಾನರಿನ ಒಡೆಯನೆಂದು ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ: ಇವನು ಯಾವ ಹಕ್ಕಿನಲ್ಲಿ ಇಲ್ಲಿದ್ದಾನೆ? ಸ್ವಂತ ಹಕ್ಕಿನಲ್ಲೋ, ಹೆಂಡತಿಯ ಹಕ್ಕಿನಲ್ಲೋ, ಅಪ್ರಾಪ್ತ ವಾರಸುದಾರನ ಪಾಲಕನಾಗಿಯೋ?

ಸಾವಿನ ನಂತರದ ಕಾಗದ

ನಮ್ಮಲ್ಲಿ ಪೌತಿ ಖಾತೆ ಆಗುವಾಗ ಸತ್ತವರು ಯಾರು, ವಾರಸುದಾರರು ಯಾರು ಎಂದು ಊರಿನಲ್ಲಿ ವಿಚಾರಿಸುತ್ತಾರಲ್ಲ, ಇಂಗ್ಲೆಂಡಿನಲ್ಲಿ ಅಂಥದೇ ವಿಚಾರಣೆ 1236ರ ಆಸುಪಾಸಿನಿಂದ 17ನೇ ಶತಮಾನದ ನಡುವಿನವರೆಗೆ ನಡೆಯಿತು. ಹೆಸರು ಇನ್‌ಕ್ವಿಸಿಷನ್ ಪೋಸ್ಟ್ ಮಾರ್ಟೆಮ್, ಅಂದರೆ ಮರಣಾನಂತರದ ವಿಚಾರಣೆ. ರಾಜನಿಂದ ನೇರವಾಗಿ ಭೂಮಿ ಪಡೆದವನು ಸತ್ತ ಸುದ್ದಿ ಬಂದಾಗ ರಾಜನ ಪತ್ರಗಳನ್ನು ಹೊರಡಿಸುವ ಚಾನ್ಸರಿ ಕಚೇರಿಯಿಂದ ಎಸ್ಚೀಟರ್ ಎಂಬ ಅಧಿಕಾರಿಗೆ ಆಜ್ಞಾಪತ್ರ ಹೋಗುತ್ತದೆ. ಅವನು ಭೂಮಿಯನ್ನು ರಾಜನ ವಶಕ್ಕೆ ತೆಗೆದುಕೊಂಡು, ಸ್ಥಳೀಯರಾದ ಸಾಮಾನ್ಯವಾಗಿ 12 ಜನರ ಜ್ಯೂರಿಯನ್ನು ಪ್ರಮಾಣ ಮಾಡಿಸಿ ಕೇಳುತ್ತಾನೆ: ಸತ್ತವನು ಯಾವ ಯಾವ ಭೂಮಿ ಹೊಂದಿದ್ದ, ಯಾರಿಂದ ಪಡೆದಿದ್ದ, ಅದಕ್ಕೆ ಯಾವ ಸೇವೆ ಸಲ್ಲಬೇಕು, ವರ್ಷದ ಆದಾಯ ಎಷ್ಟು, ಸತ್ತದ್ದು ಯಾವ ದಿನ, ಹತ್ತಿರದ ವಾರಸುದಾರ ಯಾರು, ವಯಸ್ಸೆಷ್ಟು. ಜಮೀನು ಇದ್ದ ಪ್ರತಿ ಕೌಂಟಿಯಲ್ಲೂ (ಜಿಲ್ಲೆಯಲ್ಲೂ) ಬೇರೆ ಬೇರೆ ಜ್ಯೂರಿ, ಬೇರೆ ಬೇರೆ ಉತ್ತರ.

ಆ ಬೇರೆ ಬೇರೆ ಉತ್ತರಗಳೇ ಈ ದಾಖಲೆಯ ಸಂಪತ್ತು, ಅದರ ಅಪಾಯವೂ ಹೌದು. ಮನೆತನದ ಮುಖ್ಯ ವಾಸ ಇದ್ದ ಕೌಂಟಿಯ ಜ್ಯೂರಿಗೆ ಕುಟುಂಬದ ವಿಷಯ ಚೆನ್ನಾಗಿ ಗೊತ್ತಿರುತ್ತದೆ. ನೂರಾರು ಮೈಲಿ ದೂರದಲ್ಲಿ ಒಂದೇ ಮ್ಯಾನರ್ ಇದ್ದ ಕಡೆಯವರು ಸಾವಿನ ದಿನಾಂಕವನ್ನು ಕೆಲವು ದಿನ ತಪ್ಪಿಸುತ್ತಾರೆ, ವಯಸ್ಸನ್ನು ಅಂದಾಜಿನಲ್ಲಿ ಹೇಳುತ್ತಾರೆ. ‘30 ವರ್ಷ ಮತ್ತು ಹೆಚ್ಚು’ ಎಂದು ಬರೆದಿದ್ದರೆ ಅದರ ಅರ್ಥ ವಾರಸುದಾರ ಪ್ರಾಪ್ತ ವಯಸ್ಕ ಎಂದಷ್ಟೆ. ಅದನ್ನು ಹಿಡಿದು ಹುಟ್ಟಿದ ವರ್ಷ ಲೆಕ್ಕ ಹಾಕಿದವರ ವಂಶವೃಕ್ಷದಲ್ಲಿ ತಾಯಿಗಿಂತ ಮಗನೇ ದೊಡ್ಡವನಾಗಿಬಿಡುವುದುಂಟು. ಅಪ್ರಾಪ್ತ ವಯಸ್ಕರ ವಿಷಯ ಬೇರೆ. ಹುಡುಗನಿಗೆ 21 ತುಂಬುವವರೆಗೆ ಭೂಮಿಯ ಆದಾಯ, ಮದುವೆ ಮಾಡಿಸುವ ಹಕ್ಕು ಎರಡೂ ರಾಜನಿಗೆ ಸಲ್ಲುವುದರಿಂದ ‘ಕಳೆದ ಮೈಕೇಲ್ಮಸ್‌ಗೆ (ಸೆಪ್ಟೆಂಬರ್ 29ರ ಹಬ್ಬಕ್ಕೆ) 8 ವರ್ಷ’ ಎಂಬಂಥ ನಿಖರ ಮಾತು ಸಿಗುತ್ತದೆ, ಅದನ್ನು ಹೆಚ್ಚು ನಂಬಬಹುದು. ಆದಾಯದ ಅಂಕಿಗಳನ್ನು ಮಾತ್ರ ಕಣ್ಣುಮುಚ್ಚಿ ನಂಬಬಾರದು. ನೆರೆಹೊರೆಯ ಜ್ಯೂರಿ ಕಡಿಮೆ ಹೇಳುವುದೇ ಹೆಚ್ಚು.

ದಿನಾಂಕ ಓದುವ ಬಗೆಯನ್ನು ಒಂದು ಉದಾಹರಣೆಯಲ್ಲಿ ನೋಡೋಣ. ದಾಖಲೆಯಲ್ಲಿ ‘2ನೇ ಎಡ್ವರ್ಡ್ ರಾಜನ 7ನೇ ವರ್ಷ, ಸ್ನಾನಿಕ ಯೋಹಾನನ ಜನ್ಮದಿನದ ಹಬ್ಬ, ಸೋಮವಾರ’ ಎಂದಿದೆ ಅಂದುಕೊಳ್ಳಿ. ಎಡ್ವರ್ಡ್ ಆಳ್ವಿಕೆ 1307ರ ಜುಲೈ 8ಕ್ಕೆ ಶುರು. ಹಾಗಾಗಿ ಅವನ 7ನೇ ವರ್ಷ 1313ರ ಜುಲೈ 8ರಿಂದ 1314ರ ಜುಲೈ 7ರವರೆಗೆ. ಹಬ್ಬ ಜೂನ್ 24ರಂದು. ಆ ಅವಧಿಯೊಳಗೆ ಬರುವ ಜೂನ್ 24 ಅಂದರೆ 1314ರದ್ದು, ಅಂದು ಸೋಮವಾರವೇ. 1307ಕ್ಕೆ 7 ಕೂಡಿಸಿದರೂ ಇಲ್ಲಿ ಸರಿಯಾದ ಉತ್ತರವೇ ಬರುತ್ತದೆ, ಆದರೆ ಅದೇ 7ನೇ ವರ್ಷದ ನವೆಂಬರ್ ಎಂದಿದ್ದರೆ 1313 ಆಗಬೇಕಿತ್ತು, ಕೂಡಿಸಿದವರು ಒಂದು ವರ್ಷ ತಪ್ಪುತ್ತಿದ್ದರು. ಇನ್ನೂ ಒಂದು ಸಂಗತಿ: ಆಗ ಹೊಸ ವರ್ಷ ಆರಂಭವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಜನವರಿ, ಫೆಬ್ರವರಿಯ ಸಾವುಗಳಿಗೆ ಕೆಲವು ಪುಸ್ತಕಗಳಲ್ಲಿ ಎರಡು ವರ್ಷ ಕಾಣುವುದಕ್ಕೆ ಇದೇ ಕಾರಣ.

ಈ ಜೂನ್ 24ಕ್ಕೆ ಮತ್ತೆ ಬರಬೇಕು. ಅದು ಸ್ಕಾಟರ ವಿರುದ್ಧದ ಬ್ಯಾನಕ್‌ಬರ್ನ್ ಕದನದ ದಿನ, ಕ್ಯಾವರ್‌ಶಮ್ ಒಡೆಯನೊಬ್ಬ ಸತ್ತ ದಿನ.

ಐದು ಅಣ್ಣತಮ್ಮಂದಿರು, ಐದು ಅಕ್ಕತಂಗಿಯರು

ಗಿಫರ್ಡ್ ವಂಶದ ಕೊನೆಯ ಅರ್ಲ್ (ದೊಡ್ಡ ಶ್ರೀಮಂತರ ಬಿರುದು ಅದು) 1164ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಅದಕ್ಕೆ ಎಷ್ಟೋ ಮುಂಚೆ ಗಿಫರ್ಡ್ ಮನೆಯ ರೊಹೈಸ್ ಎಂಬವಳು ಟನ್‌ಬ್ರಿಜ್‌ನ ರಿಚರ್ಡ್ ಫಿಟ್ಜ್‌ಗಿಲ್ಬರ್ಟನನ್ನು ಮದುವೆಯಾಗಿದ್ದಳು. ಕ್ಲೇರ್ ಮನೆತನ ಬೆಳೆದದ್ದು ಆ ದಂಪತಿಗಳಿಂದ. ಆ ಹಳೆಯ ಮದುವೆಯ ಹಕ್ಕು 1189ರಲ್ಲಿ ಫಲಿಸಿತು. ಗಿಫರ್ಡ್ ಭೂಮಿಯನ್ನು ಕ್ಲೇರ್ ವಂಶದ ಎರಡು ಕವಲುಗಳ ನಡುವೆ ಹಂಚಲಾಯಿತು: ಒಂದು ಪಾಲು ಹರ್ಟ್‌ಫರ್ಡ್‌ನ ಅರ್ಲ್ ರಿಚರ್ಡ್ ದ ಕ್ಲೇರ್‌ಗೆ, ಇನ್ನೊಂದು ಪಾಲು ಇಸಬೆಲ್ ದ ಕ್ಲೇರ್‌ಳ ಹಕ್ಕಿನಲ್ಲಿ ಅವಳ ಗಂಡ ವಿಲಿಯಮ್ ಮಾರ್ಷಲ್‌ಗೆ. ಕ್ಯಾವರ್‌ಶಮ್ ಬಂದದ್ದು ಎರಡನೆಯ ಪಾಲಿನಲ್ಲಿ. ಬಾಲರಾಜ 3ನೇ ಹೆನ್ರಿಯ ಪರವಾಗಿ ದೇಶವನ್ನು ನೋಡಿಕೊಳ್ಳುತ್ತಿದ್ದ ಮಾರ್ಷಲ್ 1219ರ ಮೇ 14ರಂದು ಅಲ್ಲೇ ಕಣ್ಣುಮುಚ್ಚಿದ.

ಅವನಿಗೆ ಐದು ಗಂಡು, ಐದು ಹೆಣ್ಣು. ಅಷ್ಟು ಗಂಡುಮಕ್ಕಳಿರುವ ಮನೆ ಅಳಿಯುತ್ತದೆ ಎಂದು ಯಾರೂ ಎಣಿಸಿರಲಾರರು. ವಿಲಿಯಮ್ 1231ರಲ್ಲಿ ಸತ್ತ, ರಿಚರ್ಡ್ 1234ರಲ್ಲಿ ಐರ್ಲೆಂಡಿನಲ್ಲಿ ಗಾಯಗೊಂಡು ಸತ್ತ, ಗಿಲ್ಬರ್ಟ್ 1241ರಲ್ಲಿ ಕುದುರೆ ಕಾಳಗದ ಪಂದ್ಯದಲ್ಲಿ, ವಾಲ್ಟರ್ 1245ರ ನವೆಂಬರ್‌ನಲ್ಲಿ, ಆನ್ಸೆಲ್ಮ್ ಅದರ ಮರುತಿಂಗಳಲ್ಲೇ. ಒಬ್ಬನಿಗೂ ಹಕ್ಕುಳ್ಳ ಸಂತಾನವಿಲ್ಲ. ಪ್ರತಿ ಸಾವಿನಲ್ಲೂ ಭೂಮಿ ಪಕ್ಕಕ್ಕೆ ಸರಿದು ಮುಂದಿನ ತಮ್ಮನಿಗೆ, ಐದನೆಯವನ ನಂತರ ಐದೂ ಅಕ್ಕತಂಗಿಯರಿಗೆ.

ಐದು ಸಮಪಾಲು ಎನ್ನುವುದು ಸುಲಭ. ಆದರೆ 1245ರ ಹೊತ್ತಿಗೆ ಆ ಹೆಣ್ಣುಮಕ್ಕಳ ಪೈಕಿ ಬಹಳಷ್ಟು ಜನ ತೀರಿಕೊಂಡಿದ್ದರು, ಅವರ ಮಕ್ಕಳು ಅವರ ಜಾಗದಲ್ಲಿ ನಿಂತರು. ಫೆರರ್ಸ್ ಮನೆಗೆ ಹೋಗಿದ್ದ ಸಿಬಿಲ್‌ಗೆ ಏಳು ಹೆಣ್ಣುಮಕ್ಕಳು: ಐದರಲ್ಲಿ ಒಂದರ ಏಳನೇ ಒಂದು ಭಾಗ, ಅಂದರೆ ತಲಾ 1/35. ಬ್ರೌಸ್ ಮನೆಯ ಈವಾಳ ನಾಲ್ಕು ಹೆಣ್ಣುಮಕ್ಕಳ ಪೈಕಿ ಒಬ್ಬಳು ಮಕ್ಕಳಿಲ್ಲದೆ ಹೋದಳು. ಉಳಿದ ಮೂವರಿಗೆ ತಲಾ 1/15. ಐವರಲ್ಲಿ ಇನ್ನೊಬ್ಬಳಾದ ಜೋನ್‌ಳ ಮಗ ಜಾನ್ 1247ರಲ್ಲಿ ಸತ್ತು, ಅವನ ಪೂರ್ತಿ 1/5 ಅವನ ಸೋದರಿ ಜೋನ್‌ಗೆ, ಅವಳ ಮೂಲಕ ಗಂಡ ವಿಲಿಯಮ್ ದ ವಾಲೆನ್ಸ್‌ಗೆ. ಹೀಗೆ ಭಿನ್ನರಾಶಿ ಬರೆದುಕೊಂಡು, ಎಲ್ಲ ಪಾಲೂ ಕೂಡಿದಾಗ 1 ಬರುತ್ತದೆಯೇ ಎಂದು ನೋಡುವುದು ಈ ಕೆಲಸದ ಅತಿ ಉಪಯುಕ್ತ ಅಭ್ಯಾಸ. ಬರದಿದ್ದರೆ ನೀವು ಒಬ್ಬ ಮಗಳನ್ನು ಬಿಟ್ಟಿದ್ದೀರಿ, ಇಲ್ಲವೇ ಒಬ್ಬಳನ್ನೇ ಎರಡು ಸಲ ಎಣಿಸಿದ್ದೀರಿ. ಎರಡು ಮದುವೆಯಾದವಳು ಎರಡು ಗಂಡಂದಿರ ಹೆಸರಿನಲ್ಲಿ ಕಾಣುವುದರಿಂದ ಎರಡನೆಯ ತಪ್ಪೇ ಹೆಚ್ಚು.

ಪಾಲು ಆಗುವುದು ಒಟ್ಟು ಆದಾಯದ ಮೇಲೆ ಎನ್ನುವುದನ್ನೂ ನೆನಪಿಡಬೇಕು. ಸಾಧ್ಯವಾದಷ್ಟು ಇಡೀ ಮ್ಯಾನರುಗಳನ್ನೇ ಒಬ್ಬೊಬ್ಬರಿಗೆ ಕೊಟ್ಟು, ಬೆಲೆ ಸರಿಹೋಗದ ಕಡೆ ಮಾತ್ರ ಒಂದು ಮ್ಯಾನರನ್ನು ಒಡೆಯುತ್ತಿದ್ದರು. 1247ರ ಹಂಚಿಕೆಯಲ್ಲಿ ಕಿಲ್ಕೆನ್ನಿ, ಅಸ್ಕ್ ಮುಂತಾದ ಭೂಮಿ ಕ್ಲೇರ್ ಮನೆಯ ಪಾಲಿಗೆ ಬಂತು. ಕ್ಯಾವರ್‌ಶಮ್ ಕೂಡ ಆ ದಾರಿ ಹಿಡಿಯಿತು. ಆ ಪಾಲಿನ ಮೂಲ ಇಸಬೆಲ್ ಮಾರ್ಷಲ್. ಅವಳು 1217ರಲ್ಲಿ ಗ್ಲಾಸ್ಟರ್‌ನ ಅರ್ಲ್ ಗಿಲ್ಬರ್ಟ್ ದ ಕ್ಲೇರ್‌ನನ್ನು, ಅವನು ಸತ್ತ ಮೇಲೆ ರಾಜನ ತಮ್ಮ ಕಾರ್ನ್‌ವಾಲ್‌ನ ರಿಚರ್ಡ್‌ನನ್ನು ಮದುವೆಯಾಗಿ, 1240ರಲ್ಲಿ ತೀರಿಕೊಂಡಳು. ಮೊದಲ ಮದುವೆಯ ಹಿರಿಯ ಮಗ ರಿಚರ್ಡ್ ದ ಕ್ಲೇರ್ ಅವಳ ಜಾಗದಲ್ಲಿ ನಿಂತ. ಅವಳು ಇನ್ನು ಆರು ವರ್ಷ ಬದುಕಿ ಆ ಭೂಮಿಯ ಸ್ವಾಧೀನ ಪಡೆದಿದ್ದರೆ ಕಥೆಯೇ ಬೇರೆ. ಎರಡನೆಯ ಮದುವೆಯಲ್ಲೂ ಮಗು ಹುಟ್ಟಿದ್ದರಿಂದ, ಹೆಂಡತಿಯ ಭೂಮಿ ಗಂಡನಿಗೆ ಜೀವಿತಾವಧಿ ಎಂಬ ನಿಯಮದಂತೆ ಕಾರ್ನ್‌ವಾಲ್‌ನ ರಿಚರ್ಡ್ 1272ರಲ್ಲಿ ಸಾಯುವವರೆಗೆ ಅದನ್ನೆಲ್ಲ ಅನುಭವಿಸುತ್ತಿದ್ದ, ಕ್ಲೇರ್ ಮನೆಯವರು ಕಾಯುತ್ತ ಕೂರಬೇಕಿತ್ತು.

ಈ ಕಾಲಕ್ಕೆ ಮರಣಾನಂತರದ ವಿಚಾರಣೆಗಳು ಇನ್ನೂ ವಿರಳ. ಫೈನ್ ರೋಲ್‌ಗಳು, ಕ್ಲೋಸ್ ರೋಲ್‌ಗಳು ನೆರವಿಗೆ ಬರುತ್ತವೆ: ವಾರಸುದಾರ ಕಟ್ಟಿದ ಶುಲ್ಕ, ಭೂಮಿಯನ್ನು ಅವನಿಗೆ ಬಿಟ್ಟುಕೊಡಲು ಹೊರಟ ಆಜ್ಞೆ ಅಲ್ಲಿರುತ್ತದೆ. ವಿಧವೆಯರ ಡವರ್ ವ್ಯಾಜ್ಯಗಳೂ ಅಷ್ಟೇ ಮುಖ್ಯ. ಹಿರಿಯ ಮಗ ವಿಲಿಯಮ್‌ನ ವಿಧವೆ ಎಲಿನರ್ ರಾಜನ ತಂಗಿ. ಐರ್ಲೆಂಡ್ ಮತ್ತು ವೇಲ್ಸ್‌ನ ಭೂಮಿಯ ಡವರ್‌ಗೆ ಬದಲಾಗಿ ಅವಳಿಗೆ ವರ್ಷಕ್ಕೆ 400 ಪೌಂಡ್ ಎಂದು ತೀರ್ಮಾನವಾಯಿತು. ಅದು ತೀರಾ ಕಡಿಮೆ ಎಂದು ಅವಳೂ ಎರಡನೆಯ ಗಂಡ ಸೈಮನ್ ದ ಮಾಂಟ್‌ಫರ್ಟ್‌ನೂ ದಶಕಗಳ ಕಾಲ ಜಗಳವಾಡಿದರು. ಆ ಜಗಳದ ಕಾಗದಗಳು ಮನೆತನದ ಆಸ್ತಿಯ ಬಗ್ಗೆ ಯಾವ ಶಾಂತ ದಾಖಲೆಗಿಂತಲೂ ಹೆಚ್ಚು ಹೇಳುತ್ತವೆ.

ಗರ್ಭಿಣಿ ಎಂದ ವಿಧವೆ, ಕಾಯ್ದ ಮೂವರು

ರಿಚರ್ಡ್ ದ ಕ್ಲೇರ್ 1262ರಲ್ಲಿ ಸತ್ತ. ಮಗ ಗಿಲ್ಬರ್ಟ್, ಕೆಂಪುಗೂದಲಿನವನು, 1295ರಲ್ಲಿ. ಅವನ ಮಗನೂ ಗಿಲ್ಬರ್ಟ್, ಅವನ ತಾತನೂ ಗಿಲ್ಬರ್ಟ್, ಮೂವರೂ ಗ್ಲಾಸ್ಟರ್‌ನ ಅರ್ಲ್‌ಗಳು. ಹೆಸರಿನ ಮುಂದೆ ಸತ್ತ ವರ್ಷ ಬರೆದುಕೊಳ್ಳದಿದ್ದರೆ ಈ ಮನೆಯಲ್ಲಿ ಒಂದು ಹೆಜ್ಜೆಯೂ ಇಡಲಾಗದು.

ಕೆಂಪು ಗಿಲ್ಬರ್ಟ್‌ನ ಎರಡನೆಯ ಮದುವೆ 1290ರಲ್ಲಿ, ಹುಡುಗಿ 1ನೇ ಎಡ್ವರ್ಡ್‌ನ ಮಗಳು ಜೋನ್. ಮದುವೆಗೆ ರಾಜ ಹಾಕಿದ ಷರತ್ತು ದೊಡ್ಡದು: ಗಿಲ್ಬರ್ಟ್ ತನ್ನ ಭೂಮಿಯನ್ನೆಲ್ಲ ರಾಜನಿಗೆ ಒಪ್ಪಿಸಿದ, ರಾಜ ಅದನ್ನು ಗಂಡ ಹೆಂಡತಿ ಇಬ್ಬರಿಗೂ ಜಂಟಿಯಾಗಿ ಹಿಂದಿರುಗಿಸಿದ, ಮುಂದೆ ಅದು ಈ ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೆ. ಹೀಗೆ ನಿರ್ದಿಷ್ಟ ಸಂತಾನಕ್ಕೇ ಕಟ್ಟಿಹಾಕಿದ ಹಕ್ಕಿಗೆ ಎಂಟೇಲ್ ಎನ್ನುತ್ತಾರೆ. ಅಂಥ ಷರತ್ತನ್ನು ಮೀರಿ ಭೂಮಿ ಪರಭಾರೆ ಮಾಡದಂತೆ 1285ರ ಕಾಯಿದೆ ಬಿಗಿ ಮಾಡಿತ್ತು. ಪರಿಣಾಮ ಎರಡು. ಮೊದಲ ಹೆಂಡತಿ ಆಲಿಸ್‌ಳ ಹೆಣ್ಣುಮಕ್ಕಳು ಇಸಬೆಲ್ ಮತ್ತು ಜೋನ್ ಪೂರ್ತಿ ಹೊರಗಾದರು. ಮತ್ತು 1295ರಲ್ಲಿ ಗಿಲ್ಬರ್ಟ್ ಸತ್ತಾಗ ಮೂರನೇ ಒಂದು ಭಾಗದ ಬದಲು ಇಡೀ ಆಸ್ತಿಯೇ ವಿಧವೆ ಜೋನ್‌ಳಲ್ಲಿ ಉಳಿಯಿತು. ಅವಳು ತಂದೆಗೆ ತಿಳಿಸದೆ 1297ರಲ್ಲಿ ರಾಲ್ಫ್ ದ ಮಾಂಥರ್ಮರ್ ಎಂಬ ಸೇವಕವರ್ಗದ ಯೋಧನನ್ನು ಮದುವೆಯಾದಳು. ರಾಜ ಕೆಂಡವಾದ, ಆಮೇಲೆ ಸಮಾಧಾನವಾದ. 1307ರಲ್ಲಿ ಜೋನ್ ಸಾಯುವವರೆಗೂ ದಾಖಲೆಗಳಲ್ಲಿ ‘ಗ್ಲಾಸ್ಟರ್‌ನ ಅರ್ಲ್’ ಎಂದು ಬರುವವನು ಈ ರಾಲ್ಫ್. ಅವನಲ್ಲಿ ಕ್ಲೇರ್ ರಕ್ತದ ಒಂದು ಹನಿಯೂ ಇಲ್ಲ. ಬಿರುದನ್ನು ನೋಡಿ ಅವನನ್ನು ವಂಶವೃಕ್ಷದಲ್ಲಿ ಮಗನೆಂದು ಕೂರಿಸಿದರೆ ಒಂದು ತಲೆಮಾರು ಸುಳ್ಳಾಗಿ ಹುಟ್ಟುತ್ತದೆ.

1314ರ ಜೂನ್ 24. ಬ್ಯಾನಕ್‌ಬರ್ನ್‌ನಲ್ಲಿ 23 ವರ್ಷದ ಕೊನೆಯ ಗಿಲ್ಬರ್ಟ್ ಸತ್ತ. ಮಕ್ಕಳಿಲ್ಲ. ಒಡಹುಟ್ಟಿದ ಅಕ್ಕತಂಗಿಯರು ಮೂವರು: ಕಿರಿಯ ಹ್ಯೂ ಡಿಸ್ಪೆನ್ಸರ್‌ನ ಹೆಂಡತಿ ಎಲಿನರ್, ಪಿಯರ್ಸ್ ಗ್ಯಾವೆಸ್ಟನ್‌ನ ವಿಧವೆ ಮಾರ್ಗರೆಟ್, ಜಾನ್ ದ ಬರ್ಗ್‌ನ ವಿಧವೆ ಎಲಿಜಬೆತ್. ಆದರೆ ಗಿಲ್ಬರ್ಟ್‌ನ ವಿಧವೆ ಮಾಡ್ ತಾನು ಗರ್ಭಿಣಿ ಎಂದಳು. ಹುಟ್ಟಲಿರುವ ಮಗುವೇ ವಾರಸುದಾರ ಆಗುವುದರಿಂದ ಹಂಚಿಕೆ ನಿಂತಿತು. ಒಂಬತ್ತು ತಿಂಗಳು ಕಳೆಯಿತು, ವರ್ಷ ಕಳೆಯಿತು, ಮಗು ಬರಲಿಲ್ಲ. ರಾಜನ ಕೈಯಲ್ಲಿದ್ದ ಆ ಭೂಮಿಯ ಹಂಚಿಕೆ ಆದದ್ದು 1317ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ಮಾರ್ಗರೆಟ್‌ಗೆ ಹ್ಯೂ ಆಡ್ಲಿ ಜೊತೆ, ಎಲಿಜಬೆತ್‌ಗೆ ಮೂರನೆಯ ಮದುವೆಯಾಗಿ ರಾಜರ್ ಡ್ಯಾಮರಿ ಜೊತೆ ಮದುವೆಯಾಗಿತ್ತು. ಇಬ್ಬರೂ ರಾಜನ ಮೆಚ್ಚಿನವರು. ಹೀಗೆ 1314ರ ದಾಖಲೆಯಲ್ಲಿ ಇರುವ ಗಂಡಂದಿರ ಹೆಸರೇ ಬೇರೆ, 1317ರಲ್ಲಿ ಭೂಮಿ ಪಡೆದವರ ಹೆಸರೇ ಬೇರೆ.

ಇನ್ನೊಂದು ಬಲೆ ಇಲ್ಲಿದೆ. ಮಧ್ಯಯುಗದಲ್ಲಿ ಇಸಬೆಲ್, ಎಲಿಜಬೆತ್ ಎರಡನ್ನೂ ಒಂದೇ ಹೆಸರಿನ ರೂಪಗಳೆಂಬಂತೆ ಬಳಸುತ್ತಿದ್ದರು. ಈ ಮನೆಯಲ್ಲಿ ಪಾಲಿಗೆ ಅರ್ಹಳಾದ ಎಲಿಜಬೆತ್ ಇದ್ದಾಳೆ, ಅರ್ಹಳಲ್ಲದ ಮಲಸೋದರಿ ಇಸಬೆಲ್ ಕೂಡ ಇದ್ದಾಳೆ. ‘ಸೋದರಿ ಇಸಬೆಲ್’ ಎಂದು ಕಂಡರೆ ವಯಸ್ಸು ಮತ್ತು ಗಂಡನ ಹೆಸರನ್ನು ತಾಳೆ ನೋಡದೆ ಮುಂದೆ ಹೋಗಬಾರದು.

ಎಲಿನರ್‌ಗೆ ಗ್ಲಮಾರ್ಗನ್ ಮುಂತಾದವು ಬಂದವು. ಕ್ಯಾವರ್‌ಶಮ್ ಸೇರಿದ್ದು ಅವಳ ಕಡೆಗೆ. ಮಾರ್ಗರೆಟ್‌ಳ ಪಾಲು ಮಗಳ ಮೂಲಕ ಸ್ಟಾಫರ್ಡ್ ಮನೆಗೆ ಹೋಯಿತು. ಸಫೋಕ್‌ನ ಕ್ಲೇರ್ ಊರೇ ಸೇರಿದ್ದ ಎಲಿಜಬೆತ್‌ಳ ಪಾಲು ಮೊಮ್ಮಗಳ ಮೂಲಕ ರಾಜಮನೆತನಕ್ಕೆ, ಮಾರ್ಟಿಮರ್‌ಗಳಿಗೆ, ಕೊನೆಗೆ 4ನೇ ಎಡ್ವರ್ಡ್‌ಗೆ ತಲುಪಿತು. ಮಾಡ್ 1320ರವರೆಗೆ ಬದುಕಿದಳು. ಅವಳ ಡವರ್ ಆಗ ಬಿಡುಗಡೆಯಾಗಿ ಮತ್ತೆ ಮೂರು ಪಾಲಾಯಿತು. 1317ರ ಹಂಚಿಕೆಯ ಪಟ್ಟಿಯಲ್ಲಿ ಒಂದು ಮ್ಯಾನರ್ ಸಿಗಲಿಲ್ಲ ಎಂದು ಕೈಬಿಡುವ ಮುನ್ನ 1320ರದ್ದನ್ನೂ ನೋಡಬೇಕು.

ದ್ರೋಹ, ವಿಧವೆಯರು, ಒಂದೇ ಹೆಸರಿನ ಇಬ್ಬರು ಗಂಡಂದಿರು

1326ರ ನವೆಂಬರ್‌ನಲ್ಲಿ ಹ್ಯೂ ಡಿಸ್ಪೆನ್ಸರ್‌ನನ್ನು ದ್ರೋಹದ ಆರೋಪದಲ್ಲಿ ಕೊಂದರು, ಆಸ್ತಿ ಮುಟ್ಟುಗೋಲಾಯಿತು. ಅವನ ಸ್ವಂತ ಗಳಿಕೆ ಚದುರಿಹೋಯಿತು. ಕ್ಲೇರ್ ಭೂಮಿ ಹೆಂಡತಿಯ ಪಿತ್ರಾರ್ಜಿತವಾದ್ದರಿಂದ ಎಲಿನರ್ ಸೆರೆಯಿಂದ ಬಿಡುಗಡೆಯಾದ ಮೇಲೆ ಅವಳಿಗೆ ಮರಳಿತು. ಮುಟ್ಟುಗೋಲು ಎಂದಾಕ್ಷಣ ಜಾಡು ಕಡಿಯಿತು ಎಂದುಕೊಳ್ಳಬಾರದು, ಭೂಮಿ ಯಾರ ಹಕ್ಕಿನಲ್ಲಿ ಬಂದದ್ದು ಎಂದು ನೋಡಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಎಲಿನರ್ 1337ರಲ್ಲಿ, ಮಗ ಹ್ಯೂ 1349ರಲ್ಲಿ ಮಕ್ಕಳಿಲ್ಲದೆ, ಅವನ ತಮ್ಮನ ಮಗ ಎಡ್ವರ್ಡ್ 1375ರಲ್ಲಿ. ಎಡ್ವರ್ಡ್‌ನ ಮಗ ಥಾಮಸ್‌ಗೆ ಆಗ ಎರಡೇ ವರ್ಷ. ಎಡ್ವರ್ಡ್‌ನ ವಿಧವೆ ಎಲಿಜಬೆತ್ ಬರ್ಗರ್ಶ್ ಗಂಡ ಸತ್ತ ಮೇಲೆ 34 ವರ್ಷ ಬದುಕಿ 1409ರಲ್ಲಿ ತೀರಿಕೊಂಡಳು. ಮಗ ಥಾಮಸ್ 1400ರಲ್ಲಿ ಬಂಡಾಯದಲ್ಲಿ ಸತ್ತು, ಅವನ ವಿಧವೆ ಕಾನ್‌ಸ್ಟೆನ್ಸ್ 1416ರವರೆಗೆ ಬದುಕಿದಳು. ಕೆಲವು ವರ್ಷ ಅತ್ತೆ ಸೊಸೆ ಇಬ್ಬರಿಗೂ ಒಂದೇ ಆಸ್ತಿಯಲ್ಲಿ ವಿಧವೆಯ ಹಕ್ಕು. ಮ್ಯಾನರಿನ ಕೋರ್ಟ್ ರೋಲ್ (ನ್ಯಾಯಸಭೆಯ ದಾಖಲೆ ಸುರುಳಿ) ಮೇಲೆ ಇಂಥ ಹೆಂಗಸರ ಹೆಸರೇ ಇರುತ್ತದೆ. ವಾರಸುದಾರನ ಹೆಸರು ಕಾಣದಿದ್ದರೆ ಗಾಬರಿಯಾಗದೆ ಅವನ ತಾಯಿ, ಅಜ್ಜಿ, ಅತ್ತಿಗೆ ಯಾವಾಗ ಸತ್ತರು ಎಂದು ಹುಡುಕಬೇಕು. ಅವರ ಸಾವಿನ ವಿಚಾರಣೆಯಲ್ಲಿ ‘ಈಕೆ ಡವರ್ ಆಗಿ ಹೊಂದಿದ್ದಳು, ಮುಂದೆ ಇಂಥವರಿಗೆ’ ಎಂಬ ಸಾಲು ಸಿಗುತ್ತದೆ. ಎರಡು ತಲೆಮಾರನ್ನು ಬೆಸೆಯುವ ಕೊಂಡಿ ಎಷ್ಟೋ ಸಲ ಆ ಒಂದೇ ಸಾಲು.

ಥಾಮಸ್‌ನ ಮಗ ರಿಚರ್ಡ್ ಮಕ್ಕಳಿಲ್ಲದೆ ಹೋದ. ಉಳಿದವಳು ತಂಗಿ ಇಸಬೆಲ್, ತಂದೆ ಸತ್ತ ಆರು ತಿಂಗಳ ಮೇಲೆ 1400ರ ಜುಲೈನಲ್ಲಿ ಹುಟ್ಟಿದವಳು. ಅವಳ ಮೊದಲ ಗಂಡ ವುಸ್ಟರ್‌ನ ಅರ್ಲ್ ರಿಚರ್ಡ್ ಬೀಚಮ್, 1422ರಲ್ಲಿ ಸತ್ತ. ಎರಡನೆಯ ಗಂಡ ವಾರಿಕ್‌ನ ಅರ್ಲ್ ರಿಚರ್ಡ್ ಬೀಚಮ್, 1439ರಲ್ಲಿ ಸತ್ತ. ಹೆಸರೂ ಮನೆತನವೂ ಒಂದೇ, ಇಬ್ಬರೂ ದಾಯಾದಿಗಳು. ಇಬ್ಬರನ್ನೂ ಒಬ್ಬನೇ ಎಂದು ಬೆರೆಸಿದರೆ ಮುಂದಿನ ಪಾಲಿನ ಜಗಳ ಅರ್ಥವೇ ಆಗುವುದಿಲ್ಲ. ಒಬ್ಬ ಟ್ಯೂಕ್ಸ್‌ಬರಿಯಲ್ಲಿ ಮಣ್ಣಾದ, ಇನ್ನೊಬ್ಬ ವಾರಿಕ್‌ನಲ್ಲಿ; ಇಸಬೆಲ್ ಮಲಗಿರುವುದು ತನ್ನ ಕ್ಲೇರ್ ಮತ್ತು ಡಿಸ್ಪೆನ್ಸರ್ ಹಿರಿಯರ ಜೊತೆ ಟ್ಯೂಕ್ಸ್‌ಬರಿಯಲ್ಲಿ. ವಾರಿಕ್‌ನ ಅರ್ಲ್ ತನ್ನ ಗುರಾಣಿಯ ನಡುವೆ ಸಣ್ಣ ಗುರಾಣಿಯೊಂದನ್ನು ಬರೆಸಿ, ಅದರಲ್ಲಿ ಡಿಸ್ಪೆನ್ಸರ್ ಲಾಂಛನದ ಜೊತೆ ಕ್ಲೇರ್ ಮನೆಯ ಚಿನ್ನದ ಬಣ್ಣದ ಮೇಲಿನ ಮೂರು ಕೆಂಪು ಪಟ್ಟೆಗಳನ್ನು ಕೂರಿಸಿದ. ಮನೆಯ ಮಾಡಿನ ಹಾಗೆ ಬಾಗಿದ ಪಟ್ಟೆಗಳವು. ಗಂಡುಸಂತಾನ ಮುಗಿದು ನೂರು ವರ್ಷ ದಾಟಿದ ಮನೆಯ ಲಾಂಛನ ಅದು. ನಾನು ಯಾವ ವಾರಸುದಾರ್ತಿಯನ್ನು ಮದುವೆಯಾಗಿದ್ದೇನೆ ಎಂದು ಆ ಚಿತ್ರ ಹೇಳುತ್ತದೆ.

ಅರ್ಧರಕ್ತದ ನಿಯಮ ತನ್ನ ಬಲ ತೋರಿಸಿದ್ದು ಇಲ್ಲಿ. ವಾರಿಕ್‌ನ ಅರ್ಲ್‌ಗೆ ಮೊದಲ ಹೆಂಡತಿಯಲ್ಲಿ ಮೂವರು ಹೆಣ್ಣುಮಕ್ಕಳು. ಇಸಬೆಲ್‌ಳಲ್ಲಿ ಹೆನ್ರಿ ಮತ್ತು ಆನ್. ಇಸಬೆಲ್‌ಗೆ ಮೊದಲ ಗಂಡನಲ್ಲಿ ಎಲಿಜಬೆತ್ ಎಂಬ ಮಗಳು. ಹೆನ್ರಿ 1446ರಲ್ಲಿ ಸತ್ತ, ಅವನ ಪುಟ್ಟ ಮಗಳು ಆನ್ ಐದು ವರ್ಷದವಳಾಗಿ 1449ರಲ್ಲಿ. ಈಗ ಎರಡು ಆಸ್ತಿಗಳನ್ನು ಬೇರೆ ಬೇರೆ ಹಿಡಿದು ನೋಡಬೇಕು. ಹೆನ್ರಿಯ ಸ್ವಾಧೀನದಲ್ಲಿದ್ದ ಬೀಚಮ್ ಮನೆಯ ಪೂರ್ಣ ಹಕ್ಕಿನ ಭೂಮಿಗೆ ಒಡಹುಟ್ಟಿದ ತಂಗಿ ಆನ್ ಮಾತ್ರ ಹಕ್ಕುದಾರಳು, ಮಲಅಕ್ಕಂದಿರಿಗೆ ಬಾಗಿಲು ಮುಚ್ಚಿತು. ಎಂಟೇಲ್ ಆದ ಭೂಮಿಗೆ ಈ ಅಡ್ಡಿ ಅನ್ವಯಿಸುವುದಿಲ್ಲ. ಅಲ್ಲಿ ಕೊನೆಗೆ ಹೊಂದಿದ್ದವನನ್ನು ಬಿಟ್ಟು, ಮೊದಲು ಯಾರ ಸಂತಾನಕ್ಕೆಂದು ಕೊಟ್ಟಿದ್ದರೋ ಅವರಿಂದ ಎಣಿಸುತ್ತಾರೆ. ಡಿಸ್ಪೆನ್ಸರ್ ಕಡೆಯ ಭೂಮಿಯಲ್ಲಿ ಇಸಬೆಲ್‌ಳ ಇಬ್ಬರು ಹೆಣ್ಣುಮಕ್ಕಳೂ ಸಮ. ಎಲಿಜಬೆತ್ ತೀರಿಕೊಂಡಿದ್ದರಿಂದ ಅವಳ ಮಗ ಜಾರ್ಜ್ ನೆವಿಲ್‌ಗೆ ಅರ್ಧ ಸಲ್ಲಬೇಕಿತ್ತು. ಆದರೆ ಆನ್‌ಳ ಗಂಡ ರಿಚರ್ಡ್ ನೆವಿಲ್, ರಾಜರನ್ನು ಏರಿಸಿ ಇಳಿಸುವವನೆಂದು ಹೆಸರಾದವನು, ಇಡೀ ಆಸ್ತಿಯನ್ನು ಹಿಡಿದುಕೊಂಡ. ನಿಯಮ ತಿಳಿದವರಿಗೆ ಮಾತ್ರ ದಾಖಲೆಯಲ್ಲಿ ಏನು ಆಗಬೇಕಿತ್ತು, ಏನು ಆಯಿತು ಎಂಬ ಅಂತರ ಕಾಣುತ್ತದೆ. ಆ ಅಂತರ ಕಂಡ ಕಡೆ ಬಲಪ್ರಯೋಗವೋ ವ್ಯಾಜ್ಯವೋ ಕಾಣೆಯಾದ ಒಪ್ಪಂದವೋ ಇರುತ್ತದೆ.

ಹುಡುಕುವ ಕ್ರಮ

ಕೆಲಸ ಶುರು ಮಾಡುವುದು ಊರಿನಿಂದ. ಕ್ಯಾವರ್‌ಶಮ್ 1911ರಲ್ಲಿ ರೆಡಿಂಗ್‌ಗೆ ಸೇರಿ ಬಾರ್ಕ್‌ಶರ್ ಕೌಂಟಿಯದಾಯಿತು. ಮಧ್ಯಯುಗದಲ್ಲಿ ಅದು ಆಕ್ಸ್‌ಫರ್ಡ್‌ಶರ್. ಈಗಿನ ಕೌಂಟಿಯ ಹೆಸರಿನಡಿ ಹುಡುಕಿದರೆ ಒಂದೂ ವಿಚಾರಣೆ ಸಿಗುವುದಿಲ್ಲ. ಹಳೆಯ ಕೌಂಟಿ ಗೊತ್ತಾದ ಮೇಲೆ, 1899ರಲ್ಲಿ ಆರಂಭವಾದ ವಿಕ್ಟೋರಿಯಾ ಕೌಂಟಿ ಹಿಸ್ಟರಿ ಸಂಪುಟಗಳಲ್ಲಿ ಆ ಮ್ಯಾನರ್ ಬಗ್ಗೆ ಬರೆದಿದ್ದಾರೆಯೇ ನೋಡಬೇಕು. ಅಲ್ಲಿನ ಕಥನಕ್ಕಿಂತ ಅಡಿಟಿಪ್ಪಣಿ ಮುಖ್ಯ. ಅವು ಯಾವ ಮೂಲ ದಾಖಲೆಗೆ ಹೋಗಬೇಕೆಂದು ತೋರಿಸುತ್ತವೆ. ಆಮೇಲೆ ಒಡೆಯರ ಸಾವಿನ ವರ್ಷಗಳ ಒಂದು ಸಾಲು ಬರೆದು, ಪ್ರತಿ ಸಾವಿಗೂ ವಿಚಾರಣೆ ತೆಗೆಯಬೇಕು. ಲಂಡನ್‌ನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ 3ನೇ ಹೆನ್ರಿ ಕಾಲದವು ಸಿ 132 ಎಂಬ ಸರಣಿಯಲ್ಲಿ, 1ನೇ ಎಡ್ವರ್ಡ್‌ನವು ಸಿ 133, 2ನೇ ಎಡ್ವರ್ಡ್‌ನವು ಸಿ 134, 3ನೇ ಎಡ್ವರ್ಡ್‌ನವು ಸಿ 135, ಹೀಗೆ ಮುಂದೆ. ಮುದ್ರಿತ ಸಾರಾಂಶಗಳಿವೆ, ಆದರೆ ಹಳೆಯ ಸಂಪುಟಗಳು ಆದಾಯದ ವಿವರಗಳನ್ನು ಬಿಟ್ಟಿರುತ್ತವೆ. ಮೂಲ ಹರಿದಿದ್ದರೆ ಖಜಾನೆಗೆ ಹೋದ ಪ್ರತಿ ಇ 149 ಸರಣಿಯಲ್ಲಿ ಸಿಗಬಹುದು.

ವಿಚಾರಣೆ ಹೇಳಿದ ವಾರಸುದಾರನಿಗೇ ಭೂಮಿ ಸಿಕ್ಕಿತೇ ಎಂದು ತಿಳಿಯಲು ಫೈನ್ ರೋಲ್ ಮತ್ತು ಕ್ಲೋಸ್ ರೋಲ್. ಮದುವೆಯ ಒಪ್ಪಂದ, ಎಂಟೇಲ್, ಜಂಟಿ ಹಕ್ಕುಗಳಿಗೆ ಫೀಟ್ ಆಫ್ ಫೈನ್ಸ್, ಸಿಪಿ 25/1. ಒಂದೇ ಚರ್ಮದ ಹಾಳೆಯಲ್ಲಿ ಒಪ್ಪಂದವನ್ನು ಮೂರು ಸಲ ಬರೆದು, ಅಲೆಯಲೆಯಾಗಿ ಕತ್ತರಿಸಿ, ಎರಡು ಭಾಗ ಎರಡೂ ಕಡೆಯವರಿಗೆ, ಕೆಳಗಿನ ‘ಪಾದ’ದ ಭಾಗ ನ್ಯಾಯಾಲಯಕ್ಕೆ. ಈ ಪದ್ಧತಿ 1195ರಿಂದ 1833ರವರೆಗೆ ನಡೆಯಿತು. ಕುಟುಂಬದ ಪ್ರತಿಗಳು ಹುಳ ಹಿಡಿದು ಹೋದವು, ಪಾದಗಳು ಉಳಿದವು.

ವಾರಸುದಾರನಿಗೆ ವಯಸ್ಸು ತುಂಬಿತೆಂದು ಸಾಬೀತು ಮಾಡುವ ವಿಚಾರಣೆಗಳನ್ನು ಎಲ್ಲರೂ ಇಷ್ಟಪಡುತ್ತಾರೆ. ಅಲ್ಲಿ ಸಾಕ್ಷಿಗಳು ‘ಆ ಮಗುವಿನ ನಾಮಕರಣದ ದಿನವೇ ನಾನು ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡೆ, ಹಾಗಾಗಿ ನೆನಪಿದೆ’ ಎನ್ನುತ್ತಾರೆ. ಓದಲು ಸೊಗಸು. ಅವೇ ಮಾತುಗಳು ಬೇರೆ ಬೇರೆ ಕೌಂಟಿಗಳಲ್ಲಿ, ಬೇರೆ ಬೇರೆ ಮಕ್ಕಳಿಗೆ ಮರುಕಳಿಸುವುದನ್ನು ಇತಿಹಾಸಕಾರರು ತೋರಿಸಿದ್ದಾರೆ. ಹುಟ್ಟಿದ ಜಾಗ, ದಿನ ತೆಗೆದುಕೊಳ್ಳಿ, ಮುರಿದ ಕಾಲಿನ ಮೇಲೆ ಕಥೆ ಕಟ್ಟಬೇಡಿ.

15ನೇ ಶತಮಾನದಲ್ಲಿ ವಿಚಾರಣೆಗಳೇ ಮೋಸ ಮಾಡುತ್ತವೆ. ಒಡೆಯರು ಸಾಯುವ ಮೊದಲೇ ಭೂಮಿಯನ್ನು ನಂಬಿಕಸ್ಥರ ಗುಂಪಿಗೆ ಬರೆದುಕೊಟ್ಟು, ಅನುಭವವನ್ನು ತಾವೇ ಇಟ್ಟುಕೊಳ್ಳತೊಡಗಿದರು. ರಾಜನ ಪಾಲಕತ್ವ ತಪ್ಪುತ್ತಿತ್ತು, ಭೂಮಿಯನ್ನು ಉಯಿಲಿನಲ್ಲಿ ಹಂಚುವ ದಾರಿಯೂ ಸಿಗುತ್ತಿತ್ತು. ಆಗ ಜ್ಯೂರಿ ‘ಸತ್ತವನು ಈ ಕೌಂಟಿಯಲ್ಲಿ ಭೂಮಿ ಹೊಂದಿರಲಿಲ್ಲ’ ಎನ್ನುತ್ತದೆ, ಕಾನೂನಿನ ಪ್ರಕಾರ ಅದು ಸತ್ಯವೇ. ನೀವು ಅಲ್ಲಿ ಮನೆತನ ಭೂಮಿ ಕಳೆದುಕೊಂಡಿತು ಎಂದು ಬರೆದರೆ ತಪ್ಪಾಗುತ್ತದೆ. ಉಯಿಲು, ಆ ನಂಬಿಕಸ್ಥರ ಹೆಸರಿನ ಪತ್ರಗಳು, ಮ್ಯಾನರಿನ ಲೆಕ್ಕಪುಸ್ತಕ, ಇವುಗಳಲ್ಲಿ ಹುಡುಕಬೇಕು.

ಕ್ಯಾವರ್‌ಶಮ್‌ನ ಕೊನೆಯ ಕೊಂಡಿ ಇಂಥ ಯಾವ ಸಾವಿನ ವಿಚಾರಣೆಯಲ್ಲೂ ಇಲ್ಲ, ಪಾರ್ಲಿಮೆಂಟಿನ ದಾಖಲೆಯಲ್ಲಿದೆ. ರಿಚರ್ಡ್ ನೆವಿಲ್ 1471ರ ಏಪ್ರಿಲ್ 14ರಂದು ಬಾರ್ನೆಟ್ ಕದನದಲ್ಲಿ ಸತ್ತ. ಭೂಮಿ ಹೆಂಡತಿ ಆನ್‌ಳದ್ದು, ಅವಳು ಬದುಕಿದ್ದಳು. ಅವಳ ಇಬ್ಬರು ಅಳಿಯಂದಿರು ರಾಜ 4ನೇ ಎಡ್ವರ್ಡ್‌ನ ತಮ್ಮಂದಿರು, ಕಾಯಲು ತಯಾರಿರಲಿಲ್ಲ. 1474ರಲ್ಲಿ ಪಾರ್ಲಿಮೆಂಟ್ ಆ ತಾಯಿಯನ್ನು ಸತ್ತವಳೆಂದೇ ಪರಿಗಣಿಸಿ ಆಸ್ತಿಯನ್ನು ಹೆಣ್ಣುಮಕ್ಕಳ ಗಂಡಂದಿರಿಗೆ ಹಂಚಿತು. ಹೆಣ್ಣುಮಕ್ಕಳೂ ಅಳಿಯಂದಿರೂ ಅವಳ ಕಣ್ಣೆದುರೇ ತೀರಿಹೋದರು. 1487ರಲ್ಲಿ ಇನ್ನೊಂದು ಕಾಯಿದೆ ಅವಳಿಗೆ ಆಸ್ತಿಯನ್ನು ಮರಳಿಸಿತು, ಅವಳು ಅದನ್ನು ತಕ್ಷಣ 7ನೇ ಹೆನ್ರಿಗೆ ಬರೆದುಕೊಡಬೇಕೆಂಬ ಉದ್ದೇಶದಿಂದ. ಅವಳು ಬರೆದುಕೊಟ್ಟಳು. ಅಲ್ಲಿಂದ ಮುಂದೆ ಕ್ಯಾವರ್‌ಶಮ್ ಜಾಡು ಮನೆತನದ ಕಾಗದಗಳನ್ನು ಬಿಟ್ಟು ಅರಸನ ಅಧಿಕಾರಿಗಳ ವಾರ್ಷಿಕ ಲೆಕ್ಕಗಳಿಗೆ, ಎಸ್‌ಸಿ 6 ಸರಣಿಗೆ, ಹೊರಳುತ್ತದೆ.